ವರ್ಸ್‌ಬರೋ ಏರಿನ ಗ್ಯಾರಟ್, ಸಂಖ್ಯೆ 2395

ದಕ್ಷಿಣ ಯಾರ್ಕ್‌ಷೈರಿನ ಗಣಿಗಳಿಂದ ಹೊರಟು ಪೆನ್ನೈನ್ ಗಿರಿಶ್ರೇಣಿಯನ್ನು ದಾಟಬೇಕಾಗಿದ್ದ ಕಲ್ಲಿದ್ದಲಿನ ಗಾಡಿಗಳಿಗೆ, 40 ಅಡಿಗೆ 1 ಅಡಿಯಂತೆ ಏರುವ ವರ್ಸ್‌ಬರೋ ಮಾರ್ಗವು ಕಠಿನತಮವಾದ ಪರೀಕ್ಷೆಯಾಗಿದ್ದಿತು. ಅವುಗಳನ್ನು ಹಿಂದಿನಿಂದ ತಳ್ಳುವುದಕ್ಕೆಂದೇ, ಆ ಮಾರ್ಗದ ರೈಲ್ವೆ ಕಂಪನಿಗೆ ನೈಜೆಲ್ ಗ್ರೆಸ್ಲಿಯವರು ಮುಖ್ಯ ಎಂಜಿನಿಯರಾಗಿದ್ದ ಕಾಲದಲ್ಲಿ, ಮ್ಯಾಂಚೆಸ್ಟರಿನ ಬೇಯರ್ ಪೀಕಾಕ್ ಕಾರ್ಖಾನೆಯು 1925ರಲ್ಲಿ ಈ ಎಂಜಿನ್ನನ್ನು ನಿರ್ಮಿಸಿತು.

ಈ ಬಗೆಯ ಎಂಜಿನ್ನಿಗೆ ಹೆಸರು ಕೊಟ್ಟ ಹರ್ಬರ್ಟ್ ಗ್ಯಾರಟ್ಟರ ಕಲ್ಪನೆಯ ಸೊಗಸು ಅದರ ಸರಳತೆಯಲ್ಲಿದೆ: ಪ್ರತ್ಯೇಕವಾದ ಎರಡು ಚಾಲಕ ಘಟಕಗಳ ನಡುವೆ, ಪಲ್ಲಕ್ಕಿಯನ್ನು ಹೊತ್ತಂತೆ, ಬಾಯ್ಲರು ತೂಗಿಕೊಂಡಿರುವುದರಿಂದ, ಘಟಕಗಳೆರಡೂ ತಿರುವುಗಳಲ್ಲಿ ತಮ್ಮತಮ್ಮ ಕೀಲುಗಳ ಮೇಲೆ ಹೊರಳಬಲ್ಲವು, ಬಾಯ್ಲರಿನ ಕೆಳಗೆ ಗಾಲಿಗಳ ಅಡಚಣೆಯಿಲ್ಲದುದರಿಂದ ಅದನ್ನು ಸ್ಥೂಲವಾಗಿಯೂ ಅಗ್ನಿಕೋಷ್ಠವನ್ನು ಆಳವಾಗಿಯೂ ರಚಿಸಬಹುದು. ಆರು ಸಿಲಿಂಡರುಗಳೂ ಹದಿನಾರು ಚಾಲಕ ಗಾಲಿಗಳೂ ಕೂಡಿ ಉತ್ಪಾದಿಸುತ್ತಿದ್ದ 72,940 ಪೌಂಡುಗಳ ಎಳೆತದ ಬಲಕ್ಕೆ ಬ್ರಿಟನ್ನಿನ ಉಗಿಬಂಡಿಗಳಲ್ಲಿ ಸಾಟಿಯಿರಲಿಲ್ಲ. ಆದರೆ ಆ ವಿಶಾಲ ಕುಲುಮೆಗೆ ಸಲಿಕೆಯಿಂದ ಕಲ್ಲಿದ್ದಲನ್ನು ಎರಚುತ್ತಿದ್ದ ಬೆಂಕಿಯಾಳಿನ ಶ್ರಮವನ್ನು ನೆನೆಯದೆ ಈ ಬಲವನ್ನು ಹೊಗಳುವುದು ನ್ಯಾಯವಾಗದು.

ಮಾರ್ಗವು ವಿದ್ಯುದೀಕರಣಗೊಂಡ ಬಳಿಕ ಲಿಕೀ ಎಂಬ ಮತ್ತೊಂದು ಏರಿನಲ್ಲಿ ಕೆಲಕಾಲ ದುಡಿದ ಈ ಎಂಜಿನ್ನನ್ನು 1955ರಲ್ಲಿ ಸೇವೆಯಿಂದ ಹಿಂತೆಗೆದು, ಅನಂತರ ಒಡೆದುಹಾಕಲಾಯಿತು. ಈ ವರ್ಗದಲ್ಲಿ ನಿರ್ಮಾಣಗೊಂಡುದು ಇದೊಂದೇ.