ಸಣ್ಣ ಸಂತೋಷಕ್ಕೂ ನೆಲ ಬೇಕು

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂದು ನಮ್ಮ ಹಿರಿಯರು ನಿಟ್ಟುಸಿರಿಟ್ಟು ಗಾದೆ ಕಟ್ಟಿದರು. ಆದರೆ ವರ್ಷಕ್ಕೊಮ್ಮೆ, ಕಾರ್ತಿಕ ಮಾಸದ ಕಡೆಯ ಸೋಮವಾರ, ಬೆಂಗಳೂರಿನ ಬಸವನಗುಡಿಯಲ್ಲಿ ಈ ಗಾದೆ ಸುಳ್ಳಾಗುತ್ತದೆ. ಅಂದು ಹಲ್ಲಿದ್ದವರಿಗೂ ಕಡಲೆಯುಂಟು. ಹಲ್ಲಿಲ್ಲದ ಅಜ್ಜಿಗೂ ಮೊಮ್ಮಗ ಬೇಯಿಸಿದ ಕಾಯಿಯನ್ನು ಸುಲಿದು ಕೈಗಿಡುತ್ತಾನೆ. ಮನೆಮಂದಿಯೆಲ್ಲ ಕೂಡಿ ನಡೆದು ಹೋಗಿ, ಸೇರು ಕಡಲೆಕಾಯಿ ಕೊಂಡು, ಮೆಲ್ಲುತ್ತ ಮೆಲ್ಲುತ್ತ ನಡೆದು ಬರುವುದಕ್ಕಿಂತ ಕಡಿಮೆ ಖರ್ಚಿನ ಹಬ್ಬ ಯಾವುದಿದ್ದೀತು?

ಇದೇ ಕಡಲೆಕಾಯಿ ಪರಿಷೆ. ಪರಿಷೆಯೆಂದರೆ ಜಾತ್ರೆ, ಜನ ನೆರೆಯುವುದು. ಪರಿಷತ್ತು ಎಂಬ ಗಂಭೀರ ಪದಕ್ಕೆ ಇದು ಹತ್ತಿರದ ನೆಂಟ. ಪರಿಷತ್ತಿನಲ್ಲಿ ಭಾಷಣಗಳು, ಪರಿಷೆಯಲ್ಲಿ ಪೀಪಿಗಳು. ದೊಡ್ಡ ಬಸವಣ್ಣನ ಗುಡಿಯ ಮುಂದಿನ ರಸ್ತೆಯ ಎರಡೂ ಮಗ್ಗುಲಲ್ಲಿ ಹಸಿಯದು, ಹುರಿದದ್ದು, ಬೇಯಿಸಿದ್ದು ಎಂದು ರಾಶಿ ರಾಶಿ ಕಾಯಿ. ನಡುನಡುವೆ ಕಳ್ಳೆಪುರಿ, ಬೆಂಡು ಬತ್ತಾಸು, ಬಳೆ, ಗಿರಿಗಿಟ್ಲೆ.

ಪರಿಷೆಯ ಹಿಂದೆ ಒಂದು ಕಥೆಯುಂಟು. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ ಮೊದಲಾದ ಹಳ್ಳಿಗಳ ರೈತರು ಇಲ್ಲಿ ಕಡಲೆಕಾಯಿ ಬೆಳೆಯುತ್ತಿದ್ದರಂತೆ. ರಾತ್ರಿಯ ವೇಳೆ ಒಂದು ಬಸವ ಬಂದು ಬೆಳೆಯನ್ನೆಲ್ಲ ಮೇಯತೊಡಗಿತಂತೆ. ಕಾದು ಹಿಡಿಯಹೋದರೆ ಅದು ಕಲ್ಲಾಗಿ ಕುಳಿತಿತು. ರೈತರು ತಪ್ಪಾಯಿತೆಂದು ಕೈಮುಗಿದು, ಮೊದಲ ಫಸಲು ನಿನಗೇ ಎಂದು ಹರಕೆ ಹೊತ್ತರು. ಹದಿನೈದು ಅಡಿ ಎತ್ತರದ ಆ ಏಕಶಿಲೆಯ ನಂದಿಯ ಮುಂದೆ ನಿಂತು ಈ ಕಥೆ ಕೇಳುವ ಮಗುವಿಗೆ ಅದನ್ನು ನಂಬಲು ಯಾವ ಕಷ್ಟವೂ ಇಲ್ಲ. ಅಷ್ಟು ದೊಡ್ಡ ಹೊಟ್ಟೆ ತುಂಬಬೇಕಾದರೆ ಹೊಲಗಟ್ಟಲೆ ಕಾಯಿ ಬೇಕಾದೀತೆಂದು ಯಾರಿಗಾದರೂ ತೋರುತ್ತದೆ.

ಇತಿಹಾಸದ ಕಣ್ಣು ಮಾತ್ರ ಸ್ವಲ್ಪ ಅನುಮಾನದ್ದು. ಗುಡಿಯನ್ನು ಕಟ್ಟಿಸಿದವನು ಕೆಂಪೇಗೌಡನೆಂದು ಹೇಳಿಕೆ. ಅವನು ಬೆಂಗಳೂರು ಪೇಟೆಗೆ ಅಡಿಪಾಯ ಹಾಕಿದ್ದು 1537ರಲ್ಲಿ. ಕಡಲೆಕಾಯಿಯೋ ದಕ್ಷಿಣ ಅಮೆರಿಕದ ಬೆಳೆ. ಯುರೋಪಿನ ಹಡಗುಗಳು ಸಾಗರಗಳನ್ನು ದಾಟತೊಡಗಿದ ಮೇಲೆಯೇ ಅದು ಲೋಕಸಂಚಾರಕ್ಕೆ ಹೊರಟದ್ದು. ಕೆಂಪೇಗೌಡನ ಕಾಲಕ್ಕೇ ಅದು ಕರಾವಳಿಯಿಂದ ಇಷ್ಟು ಒಳನಾಡಿಗೆ ಬಂದು, ಹೊಲ ತುಂಬಿ, ಬಸವನ ಬಾಯಿಗೂ ಬಿದ್ದಿತೆಂದರೆ ಒಪ್ಪುವುದು ಕಷ್ಟ. ಹೊಸಬನಿಗೆ ನಮ್ಮ ಜನ ಪರಿಚಿತವಾದ ಕಡಲೆಯ ಹೆಸರನ್ನೇ ಕೊಟ್ಟು ನೆಲಗಡಲೆ, ಕಡಲೆಕಾಯಿ ಎಂದು ಕರೆದರು. ಉತ್ತರದ ಸೀಮೆಯವರು ಶೇಂಗಾ ಎಂದರು. ಹೆಸರು ಕೊಟ್ಟಂತೆಯೇ ಕಥೆಯಲ್ಲಿ ಜಾಗವನ್ನೂ ಕೊಟ್ಟಿರಬೇಕು ಎಂದು ಊಹಿಸಿದರೆ ತಪ್ಪಾಗದು. ಪರದೇಶದ ಕಾಳೊಂದು ಬಡವರ ಬಾದಾಮಿಯಾಗಿ, ದೇವರ ನೈವೇದ್ಯವಾಗಿ, ಊರ ಪುರಾಣದ ಪಾತ್ರವೂ ಆಯಿತು. ಇದರಿಂದ ಕಥೆಯ ರುಚಿ ಕೆಡುವುದಿಲ್ಲ, ಹೆಚ್ಚುತ್ತದೆ.

ಪರಿಷೆ ಕಾರ್ತಿಕದಲ್ಲೇ ಏಕೆ? ಅದಕ್ಕೆ ಉತ್ತರ ಮಣ್ಣಿನಲ್ಲಿದೆ. ಮಳೆಗಾಲದ ಮೊದಲಲ್ಲಿ ಕೆಂಪು ಮರಳು ಮಣ್ಣಿಗೆ ಬಿತ್ತಿದ ಬೀಜ ನಾಲ್ಕು ತಿಂಗಳಿಗೆ ಕೀಳಲು ಬರುತ್ತದೆ. ಹಳದಿಯ ಹೂ ಗಿಡದ ಮೇಲೆ ಅರಳುತ್ತದೆ. ಹೂ ಬಾಡಿದ ಮೇಲೆ ಅದರ ಬುಡದಿಂದ ಒಂದು ಎಳೆ ಕೆಳಗಿಳಿದು ಮಣ್ಣು ಹೊಕ್ಕು, ಅಲ್ಲಿ ಕಾಯಿ ಕಟ್ಟುತ್ತದೆ. ಕಿತ್ತ ಬಳ್ಳಿ ಬಿಡಿಸಿ, ಕಾಯಿ ಗಾಡಿಗೇರುವ ಹೊತ್ತಿಗೆ ಕಾರ್ತಿಕ. ರೈತನ ಕೈಗೆ ಬಿಡುವು, ಜೇಬಿಗೆ ನಾಲ್ಕು ಕಾಸು, ಪೇಟೆಯವನ ಬಾಯಿಗೆ ಹೊಸ ಫಸಲು. ಮೂರೂ ಕೂಡಿದ ಗಳಿಗೆಗೆ ಪರಿಷೆಯೆಂದು ಹೆಸರು.

ಆ ಹೊಲಗಳು ಈಗೆಲ್ಲಿ? 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಇಕ್ಕಟ್ಟಿನ ಪೇಟೆಯಿಂದ ಜನರನ್ನು ಗಾಳಿ ಬೆಳಕಿನ ಕಡೆಗೆ ಸಾಗಿಸಲು ಮಲ್ಲೇಶ್ವರ, ಬಸವನಗುಡಿಗಳು ಅಗಲ ರಸ್ತೆಗಳೊಡನೆ ಎದ್ದವು. 1948ರಲ್ಲಿ ಜಯನಗರಕ್ಕೆ ಅಸ್ತಿಭಾರ ಬಿತ್ತು. ಅನಂತರ ಬನಶಂಕರಿ, ಒಂದರ ಮೇಲೊಂದು ಹಂತ. ಬಸವನಗುಡಿಗೆ ಮೂರು ನಾಲ್ಕು ಕಿಲೋಮೀಟರು ದೂರದ ಕತ್ರಿಗುಪ್ಪೆ ಒಂದು ಹಳ್ಳಿಯಾಗಿತ್ತು. ಬನಶಂಕರಿಯ ಮೂರನೆಯ ಹಂತ ಬಂದು ಅದನ್ನು ತನ್ನ ಮಡಿಲಿಗೆ ಎಳೆದುಕೊಂಡಿತು. ಕುಪ್ಪೆಯೆಂದರೆ ರಾಶಿ. ಇಂದು ಆ ಊರಿನ ಹೆಸರನ್ನು ಹೊತ್ತಿರುವುದು ಮುಖ್ಯರಸ್ತೆ, ಬಸ್ಸಿನ ನಿಲ್ದಾಣ, ನೀರಿನ ಟ್ಯಾಂಕು. ರಾಶಿ ಬಿದ್ದಿರುವುದು ಮನೆಗಳು. ಪರಿಷೆಗೆ ಕಾಯಿ ಬರುವುದು ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಮಂಡ್ಯಗಳ ಕಡೆಯಿಂದ, ಆಂಧ್ರ ತಮಿಳುನಾಡುಗಳಿಂದ. ಬೆಳೆದ ಹೊಲ ಹೋಯಿತು, ಹರಕೆ ಉಳಿಯಿತು. ಬಸವನ ಪಾದದಲ್ಲಿ ಹುಟ್ಟಿತೆಂದು ಜನ ನಂಬುವ ವೃಷಭಾವತಿಗೆ ಅಷ್ಟು ಭಾಗ್ಯವೂ ಇಲ್ಲ. ಊರ ಕೊಳಚೆಯನ್ನೆಲ್ಲ ಹೊತ್ತು ಅವಳು ಅರ್ಕಾವತಿಯ ಕಡೆಗೆ ಸಾಗುತ್ತಾಳೆ.

ಹೊಲ ಹೋದರೂ ಪರಿಷೆ ಏಕೆ ಉಳಿಯಿತು? ಭಕ್ತಿ ಒಂದು ಕಾರಣ, ಸರಿ. ಗುಡಿಯ ಪಕ್ಕದ ಕಹಳೆ ಬಂಡೆಯನ್ನೂ ಅದರ ಸುತ್ತಲ ಮರಗಳನ್ನೂ ಯಾರೂ ನಿವೇಶನಗಳಾಗಿ ಹಂಚಲಿಲ್ಲ ಎಂಬುದು ಇನ್ನೊಂದು. ಜನಕ್ಕೆ ಕೂಡಲು, ಕೂರಲು, ಸಿಪ್ಪೆ ಚೆಲ್ಲಲು ಜಾಗವಿತ್ತು.

ಇದೇ ಮಾತನ್ನು ಲಾಲ್‌ಬಾಗಿನ ಚರಿತ್ರೆಯೂ ಹೇಳುತ್ತದೆ. 1760ರಲ್ಲಿ ಹೈದರಾಲಿ ಅದನ್ನು ತನ್ನ ವಿನೋದಕ್ಕೆಂದು ಆರಂಭಿಸಿದ, ಟಿಪ್ಪು ಬೆಳೆಸಿದ. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. ಅರಸನೊಬ್ಬನ ತೋಟ ಹೀಗೆ ಮೆಲ್ಲಮೆಲ್ಲನೆ ಊರಿನವರೆಲ್ಲರ ತೋಟವಾಯಿತು. 1889ರಲ್ಲಿ ಗಾಜಿನಮನೆಗೆ ಅಸ್ತಿಭಾರ ಹಾಕಿದ್ದು ಫಲಪುಷ್ಪಗಳ ಪ್ರದರ್ಶನಕ್ಕಾಗಿಯೇ. ಆಗ ತೋಟವನ್ನು ನೋಡಿಕೊಳ್ಳುತ್ತಿದ್ದ ಜಾನ್ ಕ್ಯಾಮರಾನ್ ನಮ್ಮ ಅಡಿಗೆಮನೆಗೆ ಸೀಮೆಬದನೆಕಾಯಿಯ ರೂಢಿ ಮಾಡಿಸಿದವರು. 1908ರಲ್ಲಿ ಅವರ ತರುವಾಯ ಬಂದ ಜರ್ಮನಿಯ ಕ್ರುಂಬಿಗಲ್, ವರ್ಷದ ಯಾವ ತಿಂಗಳಲ್ಲಾದರೂ ಬೆಂಗಳೂರಿನ ಯಾವುದೋ ಒಂದು ಬೀದಿ ಹೂವಿನಲ್ಲಿರುವಂತೆ ಮರಗಳನ್ನು ಆರಿಸಿ ನೆಡಿಸಿದರು. ನಡೆದು ಹೋಗುವವನಿಗೆ ಬಿಟ್ಟಿಯಾಗಿ ದೊರೆಯುವ ಸಂತೋಷಕ್ಕೆ ಇಷ್ಟು ಮುಂದಾಲೋಚನೆ!

ಗಣರಾಜ್ಯದ ದಿನಕ್ಕೂ ಸ್ವಾತಂತ್ರ್ಯ ದಿನಕ್ಕೂ ನಡೆಯುವ ಅಲ್ಲಿನ ಪ್ರದರ್ಶನದಲ್ಲಿ ಜನ ಮುಗಿಬಿದ್ದು ನೋಡುವುದು ಹೂವಿನಲ್ಲಿ ಕಟ್ಟಿದ ದೊಡ್ಡ ಗೋಪುರಗಳನ್ನು. ನಾವು ಮೆಚ್ಚಬೇಕಾದದ್ದು ಅದರ ಜೊತೆಗೆ ನಡೆಯುವ ಸ್ಪರ್ಧೆಗಳನ್ನು. ಹೂಜೋಡಣೆ, ಜಪಾನಿನ ಇಕೆಬಾನ, ಕುಬ್ಜಮರ, ತರಕಾರಿಯ ಕೆತ್ತನೆ, ಮನೆಯಂಗಳದ ಕೈತೋಟ. ಎಲ್ಲವೂ ಬಿಡುವಿನ ವೇಳೆಯ ಹವ್ಯಾಸಗಳು. ಕಚೇರಿಗೆ ಹೋಗಿ ಬಂದು ಸಂಜೆ ಗುಲಾಬಿಗೆ ಪಾತಿ ಮಾಡುವ ಗುಮಾಸ್ತರು, ಮಧ್ಯಾಹ್ನದ ಹೊತ್ತು ಕುಂಬಳಕಾಯಿಯಲ್ಲಿ ಹಂಸ ಬಿಡಿಸುವ ಗೃಹಿಣಿ, ಇವರೇ ಅಲ್ಲಿ ಕಲಾವಿದರು.

ನಮ್ಮಲ್ಲಿ ಮಾತ್ರವೇ ಹೀಗೆ ಎಂದಲ್ಲ. ಜಪಾನಿನಲ್ಲಿ ವಸಂತದ ಚೆರಿ ಹೂ ನೋಡಲು ಸಂಸಾರ ಸಮೇತರಾಗಿ ಬುತ್ತಿ ಕಟ್ಟಿಕೊಂಡು ಹೋಗುವುದು ಪ್ರಸಿದ್ಧವಷ್ಟೆ. ಬಹುಕಾಲ ಅದು ಅರಸುಮಕ್ಕಳ ವಿಲಾಸವಾಗಿತ್ತು. ಹದಿನೆಂಟನೆಯ ಶತಮಾನದಲ್ಲಿ ತೊಕುಗಾವಾ ಯೊಶಿಮುನೆ ಎಂಬ ಷೋಗನ್ ಈಗಿನ ಟೋಕಿಯೋದ ಅಸುಕಾಯಾಮ ಗುಡ್ಡದ ಮೇಲೆ ಚೆರಿ ಮರಗಳನ್ನು ನೆಡಿಸಿ ಸಾಮಾನ್ಯರಿಗೆ ಬಿಟ್ಟುಕೊಟ್ಟ. ಅವನ ಗುಡ್ಡ 1873ರಲ್ಲಿ ಸಾರ್ವಜನಿಕ ಉದ್ಯಾನವಾಯಿತು. ಹೂವಿನ ಮೇಲಿನ ಪ್ರೀತಿ ಜನಕ್ಕೆ ಮೊದಲೇ ಇತ್ತು, ಬೇಕಾಗಿದ್ದುದು ಗುಡ್ಡ.

ಸರಳ ಜೀವನ, ಸಣ್ಣ ಸಂತೋಷ ಎಂದು ಉಪದೇಶ ಮಾಡುವವರು ಅದು ಮನಸ್ಸಿನ ಮಾತು, ಎಲ್ಲಿದ್ದರೂ ಸಿಕ್ಕುತ್ತದೆ ಎನ್ನುತ್ತಾರೆ. ಅರ್ಧ ನಿಜ. ಅನುಭವಿಸುವವನಿಗೆ ಅದು ಅಗ್ಗ. ಆದರೆ ಯಾರೋ ಒಬ್ಬರು, ಎಂದೋ ಒಮ್ಮೆ, ಮಾರಬಹುದಾಗಿದ್ದ ನೆಲವನ್ನು ಮಾರದೆ ಉಳಿಸಿದ್ದರಿಂದ ಅಗ್ಗ. ಆ ಹಿರಿಯರ ಹೆಸರುಗಳಲ್ಲಿ ಕೆಲವು ನಮಗೆ ಗೊತ್ತು, ಹಲವು ಮರೆತುಹೋಗಿವೆ.

ಇಂದಿನ ಕತ್ರಿಗುಪ್ಪೆಯ ಮನೆಗಳಲ್ಲೂ ಕುಂಡಗಳಲ್ಲಿ ತುಳಸಿ ದಾಸವಾಳಗಳುಂಟು. ನವರಾತ್ರಿಗೆ ಗೊಂಬೆ ಕೂರಿಸುವ ತಾಯಂದಿರುಂಟು. ಕಾರ್ತಿಕ ಸೋಮವಾರ ಅಲ್ಲಿಂದಲೂ ಸಂಸಾರಗಳು ಬಸವನಗುಡಿಗೆ ಹೊರಡುತ್ತವೆ. ಸಂತೋಷಪಡುವ ಕಲೆಯನ್ನು ಜನ ಮರೆತಿಲ್ಲ. ನಗರ ಇನ್ನೂ ದಕ್ಷಿಣಕ್ಕೆ ಹರಿಯುತ್ತಿದೆ. ಹೊಸ ಬಡಾವಣೆಗಳ ನಕ್ಷೆ ಬರೆಯುವವರು ಒಂದು ಬಂಡೆಯನ್ನು, ಒಂದು ಕೆರೆಯಂಚನ್ನು, ನಾಲ್ಕು ಮರಗಳ ಒಂದು ತೋಪನ್ನು ಬಿಟ್ಟು ಗೆರೆ ಎಳೆದರೆ ಸಾಕು. ಪರಿಷೆಯನ್ನು ಜನ ತಾವೇ ಹುಟ್ಟಿಸಿಕೊಳ್ಳುತ್ತಾರೆ. ಕಥೆಯೂ ಹುಟ್ಟುತ್ತದೆ.