ಬೇಸ್‌ಬಾಲ್ ಸಿಮ್ಯುಲೇಶನ್ ಆಟ: ಗಾಯದ ಅಪಾಯ ಯಾರಿಗೆ ಹೆಚ್ಚು?

ಕಂಪ್ಯೂಟರಿನಲ್ಲಿ ಬೇಸ್‌ಬಾಲ್ ತಂಡ ನಡೆಸುವವರಿಗೆ ಎದುರಾಳಿಯಷ್ಟೇ ದೊಡ್ಡ ಸವಾಲು ಆಟಗಾರರ ಗಾಯ. ಜರ್ಮನಿಯ ಮಾರ್ಕಸ್ ಹೈನ್‌ಸೋನ್ 1999ರಲ್ಲಿ ಹೊರತಂದ 'ಔಟ್ ಆಫ್ ದಿ ಪಾರ್ಕ್ ಬೇಸ್‌ಬಾಲ್' ಸರಣಿಯಲ್ಲಿ ಆಟಗಾರನ ಗಾಯಪ್ರವೃತ್ತಿಯ ಜತೆಗೆ ದಣಿವೂ ಲೆಕ್ಕಕ್ಕೆ ಬರುತ್ತದೆ.

ಪಿಚರ್: ಎಸೆತಗಳ ಸಂಖ್ಯೆ ಏರಿದಂತೆ ದಣಿವು ಹೆಚ್ಚುತ್ತದೆ. ದಣಿದವನನ್ನೇ ಮುಂದುವರಿಸಿದರೆ ಗಾಯದ ಸಾಧ್ಯತೆಯೂ ಏರುತ್ತದೆ.

ಕ್ಯಾಚರ್: ಕ್ರಿಕೆಟ್‌ನ ವಿಕೆಟ್‌ಕೀಪರ್‌ನಂತೆ ಬ್ಯಾಟುಗಾರನ ಹಿಂದೆ ಕುಕ್ಕರುಗಾಲಿನಲ್ಲಿ ಕೂರುವ ಈತ ಇತರ ಫೀಲ್ಡರ್‌ಗಳಿಗಿಂತ ಬೇಗ ದಣಿಯುತ್ತಾನೆ. ನಿಜವಾದ ಮೈದಾನದಲ್ಲಿ ಡಿಕ್ಕಿಯ ಭಯವೂ ಇದೆ. 2011ರಲ್ಲಿ ಹೋಂ ಪ್ಲೇಟ್ ಬಳಿ ನಡೆದ ಡಿಕ್ಕಿಯಲ್ಲಿ ಬಸ್ಟರ್ ಪೋಸಿ ಕಾಲು ಮುರಿದುಕೊಂಡರು. 2014ರಲ್ಲಿ ಮೇಜರ್ ಲೀಗ್ ಇಂತಹ ಡಿಕ್ಕಿಗಳಿಗೆ ನಿರ್ಬಂಧ ವಿಧಿಸಿತು.

162 ಪಂದ್ಯಗಳ ಋತುವಿನಲ್ಲಿ ಸಮರ್ಥ ಬದಲಿ ಕ್ಯಾಚರ್ ಇಲ್ಲದ ತಂಡ ಸಂಕಷ್ಟಕ್ಕೆ ಸಿಲುಕುವುದು ಖಚಿತ.