ಗಡಿ ದಾಟುವ ಬಟ್ಟೆಗಷ್ಟೇ ಬೆಂಕಿಯ ಪರೀಕ್ಷೆ

ರೇಷ್ಮೆ ಅಸಲಿಯೋ ನಕಲಿಯೋ ಎಂದು ತಿಳಿಯಲು ಒಂದು ಎಳೆ ಕಿತ್ತು ಸುಟ್ಟು ನೋಡುವುದು ನಮ್ಮ ಜವಳಿ ವ್ಯಾಪಾರದ ಹಳೆಯ ರೂಢಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕರಗಿ ಗಟ್ಟಿ ಮಣಿಯಾಗಿ ನಿಂತರೆ ಪಾಲಿಯೆಸ್ಟರ್. 2004ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ತಂದ ಸಿಲ್ಕ್ ಮಾರ್ಕ್ ಕೂಡ ಸರಕಿನ ಶುದ್ಧತೆಗೇ ಕೊಟ್ಟ ಭರವಸೆ. ಆದರೆ ಬೆಂಗಳೂರು, ದೊಡ್ಡಬಳ್ಳಾಪುರದ ಕಡೆಯಿಂದ ಪರದೆ ಮತ್ತು ಸೋಫಾ ಬಟ್ಟೆ ಹೊರದೇಶಕ್ಕೆ ಹೊರಟಾಗ ಕೊಳ್ಳುವವರು ಬೇರೆಯದನ್ನೇ ಕೇಳಿದರು: ಇದಕ್ಕೆ ಕಿಡಿ ತಗುಲಿದರೆ ಕೋಣೆಯಲ್ಲಿದ್ದವರ ಗತಿಯೇನು? ಆ ಪ್ರಶ್ನೆಗೆ ಪ್ರಮಾಣಪತ್ರದ ಸಮೇತ ಉತ್ತರ ಕೊಡಲು ಕಲಿತ ಉದ್ಯಮವಿರುವ ನಾಡಿನಲ್ಲೇ, ಮನೆಮಂದಿಗಾಗಿ ಅದನ್ನು ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಇದಕ್ಕೆ ಕಾರಣ ತಿಳಿವಳಿಕೆಯ ಕೊರತೆಯಲ್ಲ, ಕೇಳಿ ಪಡೆಯುವವರಿಲ್ಲದಿದ್ದದ್ದು.

ಹೊರದೇಶದವರಿಗೂ ಈ ಎಚ್ಚರ ಹುಟ್ಟಿನಿಂದ ಬಂದದ್ದಲ್ಲ. 1942ರಲ್ಲಿ ಬೋಸ್ಟನ್ನಿನ ಕೋಕೋನಟ್ ಗ್ರೋವ್ ಎಂಬ ನೈಟ್ ಕ್ಲಬ್ಬಿನಲ್ಲಿ ಅಲಂಕಾರದ ಬಟ್ಟೆಗೆ ಹತ್ತಿದ ಬೆಂಕಿ ಹಬ್ಬಿ 492 ಜನ ಸತ್ತರು. ಕ್ಷಣದಲ್ಲಿ ಧಗ್ಗನೆ ಉರಿಯುತ್ತಿದ್ದ ರೇಯಾನ್ ಸ್ವೆಟರುಗಳ ದುರಂತಗಳ ನಂತರ 1953ರಲ್ಲಿ ಅಮೆರಿಕ ಉರಿಯುವ ಬಟ್ಟೆಗಳ ಮೇಲೆ ಕಾಯ್ದೆ ತಂದಿತು. ಅಲ್ಲಿ ಪರದೆಗಳಿಗೆ ಬಳಸುವ ಎನ್‌ಎಫ್‌ಪಿಎ 701 ಮಾನಕದ ಮೊದಲ ವಿಧಾನದಲ್ಲಿ ತೂಗುಬಿಟ್ಟ ತುಂಡಿಗೆ 45 ಸೆಕೆಂಡು ಜ್ವಾಲೆ ಹಿಡಿಯುತ್ತಾರೆ. ಸರಾಸರಿ ತೂಕ ನಷ್ಟ ಶೇ. 40 ಮೀರುವಂತಿಲ್ಲ, ಉದುರಿದ ಹನಿಗಳು ಸರಾಸರಿ ಎರಡು ಸೆಕೆಂಡಿಗಿಂತ ಹೆಚ್ಚು ಉರಿಯುವಂತಿಲ್ಲ. 1988ರಲ್ಲಿ ಬ್ರಿಟನ್ ಸೋಫಾ ಹೊದಿಕೆಗೂ ಬೆಂಕಿಕಡ್ಡಿ ಜ್ವಾಲೆಯ ಪರೀಕ್ಷೆಯನ್ನು ಕಡ್ಡಾಯ ಮಾಡಿತು. 1994ರಲ್ಲಿ ಭಾರತದಿಂದ ಹೋದ ತೆಳು ರೇಯಾನ್ ಲಂಗಗಳನ್ನು ಅಮೆರಿಕ ತನ್ನ ಮಾರುಕಟ್ಟೆಯಿಂದ ವಾಪಸು ತರಿಸಿತು. ಪ್ರಯೋಗಾಲಯದ ಚೀಟಿಯಿಲ್ಲದೆ ಸರಕು ಸಾಗದು ಎಂಬುದು ರಫ್ತುದಾರರಿಗೆ ಮನದಟ್ಟಾಗಲು ಇಷ್ಟು ಸಾಕಿತ್ತು.

ಸಾವೇ ಕಾನೂನನ್ನು ಹುಟ್ಟಿಸುವುದಾದರೆ ನಮ್ಮಲ್ಲೂ ಅದು ಎಂದೋ ಗಟ್ಟಿಯಾಗಬೇಕಿತ್ತು. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆ ಹೊತ್ತಿ 90ಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಮಕ್ಕಳು. 1995ರಲ್ಲಿ ಹರಿಯಾಣದ ಡಬ್‌ವಾಲಿಯಲ್ಲಿ ಶಾಲಾ ಸಮಾರಂಭದ ಶಾಮಿಯಾನ ಉರಿದು ಬಿದ್ದು 400ಕ್ಕೂ ಹೆಚ್ಚು ಜನ ಸತ್ತರು. ಪೆಂಡಾಲುಗಳಿಗೆ ಐಎಸ್ 8758, ಪರದೆಗಳಿಗೆ ಐಎಸ್ 15741 ಎಂಬ ಭಾರತೀಯ ಮಾನಕಗಳು ಪುಸ್ತಕದಲ್ಲಿವೆ. ಆದರೂ ದಕ್ಷಿಣ ಕನ್ನಡದ ನೆಲ್ಯಾಡಿಯ ಆಸುಪಾಸಿನಲ್ಲಿ ಮದುವೆಗೋ ದೇವಸ್ಥಾನದ ಬ್ರಹ್ಮಕಲಶಕ್ಕೋ ಶಾಮಿಯಾನ ಹಾಕಿಸುವಾಗ ಚರ್ಚೆ ನಡೆಯುವುದು ಬಣ್ಣ, ಝಾಲರಿ, ಬಾಡಿಗೆಯ ಮೇಲೆ. ಅಡಕೆ ಸೋಗೆ, ತೆಂಗಿನ ಮಡಲಿನ ಚಪ್ಪರವೂ ಒಣಗಿದರೆ ಉರಿಯುವಂಥದ್ದೇ; ಆದರೆ ಈಗಿನ ಶಾಮಿಯಾನದ ಪಾಲಿಯೆಸ್ಟರ್ ಕರಗಿ ತಲೆಯ ಮೇಲೆ ತೊಟ್ಟಿಕ್ಕುತ್ತದೆ. ಸರಂಜಾಮು ಬದಲಾಯಿತು, ಎಚ್ಚರ ಬದಲಾಗಲಿಲ್ಲ.

ರೇಷ್ಮೆ ತಾನಾಗಿ ನಂದುವ ನಾರು, ಪರೀಕ್ಷೆ ಏಕೆ ಎನ್ನುವವರಿದ್ದಾರೆ. ನಾರಿನ ಗುಣ ನಿಜ; ಆದರೆ ನೇಯ್ಗೆ ತೆಳುವಾದಷ್ಟೂ ಉರಿ ಬೇಗ ಓಡುತ್ತದೆ. ಅಮೆರಿಕದ ಉಡುಪಿನ ನಿಯಮ ಉಣ್ಣೆ, ನೈಲಾನ್, ಪಾಲಿಯೆಸ್ಟರಿಗೆ ವಿನಾಯಿತಿ ಕೊಟ್ಟರೂ ಹಗುರ ರೇಷ್ಮೆಗೆ ಕೊಡದಿರುವುದು ಅದಕ್ಕೇ. ಶಾಮಿಯಾನದವನಿಗೆ ಖರ್ಚು ಹೊರಲಾಗದು, ಮಳೆಗೆ, ಒಗೆತಕ್ಕೆ ಬೆಂಕಿ ತಡೆಯುವ ಲೇಪ ತೊಳೆದುಹೋಗುತ್ತದೆ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಹಾಗೆಂದು ಪ್ರತಿಯೊಂದು ಮನೆಯ ಚಪ್ಪರಕ್ಕೂ ಚೀಟಿ ಕೇಳಬೇಕಿಲ್ಲ. ನೂರಾರು ಜನ ಸೇರುವ ಸಭಾಭವನ, ಜಾತ್ರೆಯ ಪೆಂಡಾಲಿಗೆ ಪರೀಕ್ಷಿತ ಬಟ್ಟೆ, ಬಟ್ಟೆಗೆ ತಾಗದ ವಯರಿಂಗ್, ಅಡುಗೆಯ ಒಲೆಯಿಂದ ಅಂತರ, ಹೊರಬರಲು ಅಡ್ಡಿಯಿಲ್ಲದ ಎರಡು ದಾರಿ. ಇವನ್ನು ಪರವಾನಗಿಯ ಷರತ್ತಾಗಿಸಿ ಸ್ಥಳದಲ್ಲೇ ನೋಡಿದರೆ ಸಾಕು. ರಫ್ತುದಾರ ಪರೀಕ್ಷೆ ಮಾಡಿಸಿದ್ದು ಕರುಣೆಯಿಂದಲ್ಲ, ಚೀಟಿಯಿಲ್ಲದೆ ಹಣ ಬಾರದು ಎಂಬ ಕಾರಣಕ್ಕೆ. ಬಾಡಿಗೆ ತೆರುವ ಸಮಾರಂಭದ ಸಮಿತಿಯೂ ಪರವಾನಗಿ ಕೊಡುವ ಪಂಚಾಯತಿಯೂ ಅದೇ ಹಟ ಹಿಡಿದರೆ ಇಲ್ಲಿಯೂ ಪರೀಕ್ಷೆ ನಡೆಯುತ್ತದೆ.